ಕಯಾಕ್ ಮತ್ಸ್ಯಮೀಮಾಂಸೆ

ಟೆಕ್ಸಸ್‌ನ ಕೆರೆಗಳಲ್ಲಿ ಕಯಾಕ್ ಮೇಲೆ ಕೂತು ಬಾಸ್ ಮತ್ತು ಕ್ರಾಪಿಗೆ ಗಾಳ ಹಾಕುವ ವಿದ್ಯೆಯ ಬಗ್ಗೆ ಕನ್ನಡದಲ್ಲಿ ಇದುವರೆಗೆ ಶಾಸ್ತ್ರಗ್ರಂಥ ಬಾರದಿರುವುದಕ್ಕೆ ವಿದ್ವಾಂಸರ ಉದಾಸೀನವೇ ಕಾರಣವೆಂದು ಕೆಲವರೂ, ಯಾರಿಗೂ ಬೇಡವಾಗಿದ್ದುದೇ ಕಾರಣವೆಂದು ಹಲವರೂ ಹೇಳುತ್ತಾರೆ. ನಾವು ಮೊದಲನೆಯವರ ಪಕ್ಷ.

ಪೂರ್ವಸೂರಿಗಳ ಸ್ಮರಣೆ ಮೊದಲಾಗಲಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರ ಹೊತ್ತಿಗೆ ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗ ಮೀಸಲಿಟ್ಟ. ದೊರೆಯಾದ್ದರಿಂದ ದೋಣಿಯನ್ನು ಕಾರಿನ ತಲೆಯ ಮೇಲೆ ತಾನೇ ಎತ್ತಿ ಕಟ್ಟುವ ಪ್ರಸಂಗ ಅವನಿಗೆ ಬರಲಿಲ್ಲ. ಶಾಸ್ತ್ರದಲ್ಲಿ ಆ ಕೊರತೆ ಹಾಗೇ ಉಳಿಯಿತು.

ಇನ್ನು ಪದಾರ್ಥನಿರೂಪಣೆ. ಬಾಸ್, ಕ್ರಾಪಿ ಎರಡೂ ಸನ್‌ಫಿಶ್ ಮನೆತನದವು, ಅಂದರೆ ದಾಯಾದಿಗಳು. ಫ್ರೆಂಚ್ ಪಂಡಿತ ಲಾಸೆಪೇಡ್ 1802ರಲ್ಲಿ ಬಾಸ್ ಕುಲಕ್ಕೆ ಶಾಸ್ತ್ರೀಯ ಹೆಸರಿಡುವಾಗ ಅವನೆದುರು ಇದ್ದ ಮೀನಿನ ಬೆನ್ನುರೆಕ್ಕೆ ಮುರಿದಿತ್ತು. ಆತ ಅದನ್ನೇ ಹುಟ್ಟುಲಕ್ಷಣವೆಂದು ಬಗೆದು, ಕುಲಕ್ಕೆಲ್ಲ ಕಿರುರೆಕ್ಕೆಯದೆಂಬ ಹೆಸರು ಕಟ್ಟಿದ. ಅದು ಇಂದಿಗೂ ಹಾಗೇ ಇದೆ. ಒಂದೇ ಮಾದರಿ, ಅದೂ ಮುರಿದದ್ದು, ಅದರಿಂದ ಇಡೀ ಕುಲದ ನಿರ್ಣಯ: ಪ್ರಸ್ತುತ ಪ್ರಬಂಧವೂ ಇದೇ ವಿಧಾನವನ್ನು ಅನುಸರಿಸುತ್ತದೆ.

ಬಾಸ್ ಕಚ್ಚಿದರೆ ರಾಡನ್ನು ಜಗ್ಗಿ ಎಳೆಯಬೇಕು, ಇಲ್ಲವಾದರೆ ಕೊಕ್ಕೆ ನಾಟದು. ಕ್ರಾಪಿಯ ಬಾಯಿ ಹಪ್ಪಳದಷ್ಟು ತೆಳು. ಹಾಗೆ ಜಗ್ಗಿದರೆ ತುಟಿ ಹರಿದು ಮೀನು ತನ್ನ ದಾರಿ ಹಿಡಿಯುತ್ತದೆ. ಮೇಲಾಗಿ ಕ್ರಾಪಿ ಕೆಳಗಿನಿಂದ ಮೇಲೆದ್ದು ಎರೆ ನುಂಗುವುದರಿಂದ ದಾರ ಎಷ್ಟೋ ಸಲ ಬಿಗಿಯಾಗುವ ಬದಲು ಸಡಿಲಾಗುತ್ತದೆ. ಏನೂ ಆಗಲಿಲ್ಲವೆಂದು ತೋರುವುದೇ ಏನೋ ಆದುದರ ಗುರುತು. ಅದ್ವೈತಿಗಳು ಗಮನಿಸಬೇಕು.

ಕಯಾಕಿನ ಮೂಲಸೂತ್ರ ಹೀಗಿದೆ: ದೋಣಿ ಕಿರಿದಾದಷ್ಟೂ ಸಾಮಾನು ಹಿರಿದು. ಸೀಟಿನ ಹಿಂದೆ ಹಾಲಿನ ಕ್ರೇಟು, ಅದರ ಸುತ್ತ ನೆಟ್ಟ ರಾಡುಗಳು, ಮುಂದೆ ಫಿಶ್ ಫೈಂಡರು, ಅದಕ್ಕೊಂದು ಬ್ಯಾಟರಿ, ಲಂಗರು, ಬಲೆ, ಅಳತೆಪಟ್ಟಿ. ಮಿಕ್ಕ ಜಾಗದಲ್ಲಿ ಮನುಷ್ಯ. ಬೇಕಾದ ವಸ್ತು ಸದಾ ಕ್ರೇಟಿನ ತಳದಲ್ಲಿರುತ್ತದೆ; ಅದಕ್ಕೆ ತಿರುಗಬೇಕು; ಎಲ್ಲಿ ತಿರುಗುವಿಕೆಯಿದೆಯೋ ಅಲ್ಲಿ ಮಗುಚುವಿಕೆಯಿದೆ. 1932ರಲ್ಲಿ ಜಾರ್ಜಿಯಾದ ಜಾರ್ಜ್ ಪೆರ್ರಿ 22 ಪೌಂಡ್ 4 ಔನ್ಸಿನ ವಿಶ್ವದಾಖಲೆಯ ಬಾಸ್ ಹಿಡಿದಾಗ ಅವನಿಗೂ ಗೆಳೆಯನಿಗೂ ಸೇರಿ ಇದ್ದದ್ದು ಒಂದೇ ರಾಡು ಎನ್ನುತ್ತಾರೆ. ಈ ಉದಾಹರಣೆ ನಮ್ಮ ಸೂತ್ರಕ್ಕೆ ಅನುಕೂಲವಾಗಿಲ್ಲವಾದ್ದರಿಂದ ಕೈಬಿಟ್ಟಿದ್ದೇವೆ.

ಪೆರ್ರಿಯ ಮನೆಯವರು ಆ ಮೀನನ್ನು ಬೇಯಿಸಿ ಉಂಡರು. ಇಂದಿನ ಕಯಾಕ್ ಸ್ಪರ್ಧೆಯಲ್ಲಾಗಿದ್ದರೆ ಅದಕ್ಕೆ ಸೊನ್ನೆ. ಇಲ್ಲಿ ತೂಕಕ್ಕೆ ಬೆಲೆಯಿಲ್ಲ. ಮೀನನ್ನು ಅಳತೆಪಟ್ಟಿಯ ಮೇಲೆ ಮಲಗಿಸಿ, ಮೂತಿ ತುದಿಗೆ ತಾಗಿಸಿ, ಬಾಯಿ ಮುಚ್ಚಿಸಿ, ಅಂದಿನ ಗುರುತಿನ ಚೀಟಿಯೂ ಕಾಣುವಂತೆ ಫೋಟೊ ತೆಗೆದು ನೀರಿಗೆ ಬಿಡಬೇಕು. ಫೋಟೊಗೆ ಮುಂಚೆ ಅದು ತೊಡೆಯ ಮೇಲಿಂದ ಜಿಗಿದು ಹೋದರೆ ಆ ಮೀನು ಹುಟ್ಟಲೇ ಇಲ್ಲ. ನೈಯಾಯಿಕರ ಪ್ರಮಾಣಗಳು ನಾಲ್ಕು, ಸ್ಪರ್ಧೆಯ ತೀರ್ಪುಗಾರರಿಗೆ ಮೊಬೈಲೊಂದೇ ಪ್ರಮಾಣ. ಗಾಳದವನ ಶಬ್ದಪ್ರಮಾಣವನ್ನಂತೂ ಯಾವ ದರ್ಶನವೂ ಒಪ್ಪಿದ್ದಿಲ್ಲ.

ಧರ್ಮಸೂಕ್ಷ್ಮ ತಿಳಿಯಬೇಕಾದರೆ ಡಾಲಸ್‌ನ ಪೂರ್ವಕ್ಕಿರುವ ಲೇಕ್ ಫೋರ್ಕ್‌ಗೆ ಹೋಗಬೇಕು. ಇದೊಂದು ಅಣೆಕಟ್ಟಿನ ಹಿನ್ನೀರು. ಮುಳುಗಿದ ಮರಗಳು ನೀರೊಳಗೆ ಇನ್ನೂ ನಿಂತಿವೆ, ಕ್ರಾಪಿಗಳು ಚಳಿಗಾಲದಲ್ಲಿ ಆಳದಲ್ಲಿ ಅವುಗಳ ಸುತ್ತ ಗುಂಪುಗೂಡುತ್ತವೆ. ಆಳದಿಂದ ಎಳೆದ ಮೀನಿನ ಗಾಳಿಚೀಲ ಉಬ್ಬಿ, ಬಿಟ್ಟರೂ ಬದುಕುವುದು ಕಷ್ಟ. ಆದ್ದರಿಂದ ಡಿಸೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಇಲ್ಲಿ ಸಿಕ್ಕ ಕ್ರಾಪಿಯನ್ನು, ಕಿರುಬೆರಳುದ್ದದ್ದಾದರೂ, ಬಿಡುವಂತಿಲ್ಲ. 25 ಆಗುವ ತನಕ ಇಟ್ಟುಕೊಳ್ಳಲೇಬೇಕು. ಆದರೆ 16ರಿಂದ 24 ಇಂಚಿನ ಬಾಸ್ ಸಿಕ್ಕರೆ ಇಟ್ಟುಕೊಳ್ಳುವಂತಿಲ್ಲ, ಬಿಡಲೇಬೇಕು. ಒಂದೇ ದೋಣಿ, ಒಂದೇ ಕೈ: ಈ ಗಳಿಗೆ ಕರುಣೆ ತೋರಿದರೆ ದಂಡ, ಮರುಗಳಿಗೆ ಆಸೆಪಟ್ಟರೆ ದಂಡ. ಧರ್ಮರಾಯನೂ ಇಲ್ಲಿ ಒಮ್ಮೆ ನಿಯಮಪುಸ್ತಕ ತೆರೆಯುತ್ತಿದ್ದ.

ಈಗ ಸಿದ್ಧಾಂತ. 1992ರ ಜನವರಿಯಲ್ಲಿ ಇದೇ ಕೆರೆಯಲ್ಲಿ ಬ್ಯಾರಿ ಸೇಂಟ್ ಕ್ಲೇರ್ ಎಂಬವರು ಸಣ್ಣ ಮಿನ್ನೋ ಮೀನನ್ನು ಎರೆ ಕಟ್ಟಿ ಕ್ರಾಪಿಗೆ ಕಾಯುತ್ತಿದ್ದರು. ಬಂದದ್ದು 18.18 ಪೌಂಡಿನ, ಅಂದರೆ ಎಂಟು ಕಿಲೋ ಮೀರಿದ ಬಾಸ್. ಟೆಕ್ಸಸ್ ರಾಜ್ಯದಾಖಲೆ ಇಂದಿಗೂ ಅದೇ. ಸಾವಿರಾರು ಡಾಲರಿನ ಬಾಸ್ ಸರಂಜಾಮಿನ ಪಂಡಿತರು ಅಂದಿನಿಂದ ಅದನ್ನು ಮುರಿಯಲು ಹೊರಟಿದ್ದಾರೆ. ಮಾದರಿ ಒಂದೇ ಆದರೂ, ಲಾಸೆಪೇಡ್ ವಿಧಾನದಂತೆ ನಿರ್ಣಯ ಸ್ಪಷ್ಟ: ಬಾಸ್ ಬೇಕಾದವನು ಕ್ರಾಪಿಗೆ ಗಾಳ ಹಾಕತಕ್ಕದ್ದು.

ಮನಸ್ಸಿನಲ್ಲಿ ಬಾಸ್ ಇಟ್ಟುಕೊಂಡು ಕೈಯಲ್ಲಿ ಕ್ರಾಪಿ ಜಿಗ್, ಅಂದರೆ ಕ್ರಾಪಿಗೆಂದೇ ಮಾಡಿದ ಪುಟ್ಟ ಕೃತಕ ಎರೆ, ಹಿಡಿದರೆ ಸಾಲದೇ ಎಂಬ ಆಕ್ಷೇಪಕ್ಕೆ ಉತ್ತರ: ಸಾಲದು. ಕ್ರಾಪಿಯನ್ನೇ ಶ್ರದ್ಧೆಯಿಂದ ಬಯಸಬೇಕು. ಶ್ರದ್ಧೆಗೆ ಎರಡು ತೆಳು ರಾಡು, ಸಣ್ಣ ರೀಲು, ಬಣ್ಣಬಣ್ಣದ ಜಿಗ್‌ಗಳ ಡಬ್ಬಿ, ಹಾಗೂ ಇನ್ನೊಂದು ಕ್ರೇಟು ಬೇಕು. ಜಾಗ ಸಾಲದಿದ್ದರೆ ಲೈಫ್ ಜಾಕೆಟ್ ಕಳಚಬಾರದು, ಬುತ್ತಿಯನ್ನು ದಡದಲ್ಲಿ ಬಿಟ್ಟು ಹೊರಡಬಹುದು. ಡಿಸೆಂಬರ್ ಆಗಿದ್ದರೆ ರಾತ್ರಿಯ ಊಟವನ್ನು ಕಾನೂನೇ ಹೊರಿಸಿ ಕಳಿಸುತ್ತದೆ.