ಐದು ಲೀಟರಿನ ಮಡಿ

ಅಜ್ಜಿಯ ಮಡಿಯನ್ನು ಗೇಲಿ ಮಾಡಿದ್ದಕ್ಕೆ ದೇವರು ನನಗೆ ಕೊಟ್ಟ ಶಿಕ್ಷೆಯ ಹೆಸರು ಫರ್ಮೆಂಟರ್.

ಅಜ್ಜಿ ತೀರ್ಥಹಳ್ಳಿ ಕಡೆಯವರು. ಬೆಳಿಗ್ಗೆ ಮಿಂದು ಬಂದು, ಗಳದ ಮೇಲೆ ಎತ್ತರದಲ್ಲಿ ಒಣಗಿದ್ದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟರೆಂದರೆ ಆಮೇಲೆ ಮೊಮ್ಮಗನೂ ಮೈಲಿಗೆ. ಬೆಕ್ಕಿಗೆ ಮಾತ್ರ ವಿನಾಯಿತಿ. ನಾನು ಬೇಕೆಂದೇ ಓಡಿಹೋಗಿ ಅವರ ಸೆರಗಿನ ತುದಿ ಮುಟ್ಟಿ ಬರುತ್ತಿದ್ದೆ. ಅಜ್ಜಿ ಬೈಯುತ್ತಾ ಮತ್ತೆ ಬಾವಿಕಟ್ಟೆಗೆ ನಡೆಯುತ್ತಿದ್ದರು. ಅದೇ ನಾನು ಸೂಕ್ಷ್ಮಜೀವಶಾಸ್ತ್ರ ಓದಿ ಕಾಲೇಜು ಮೇಷ್ಟ್ರಾದೆ.

ನಮ್ಮ ವಿಭಾಗಕ್ಕೆ ಫರ್ಮೆಂಟರ್ ಬಂದದ್ದು ವಿಜ್ಞಾನದ ಹಸಿವಿನಿಂದಲ್ಲ, ಅನುದಾನದ ಹಣ ಮಾರ್ಚ್ ಮುಗಿಯುವುದರೊಳಗೆ ಖರ್ಚಾಗಬೇಕೆಂಬ ಅವಸರದಿಂದ. ಐದು ಲೀಟರಿನ ಗಾಜಿನ ಪಾತ್ರೆ, ಉಕ್ಕಿನ ಮುಚ್ಚಳ, ಮುಚ್ಚಳದಿಂದ ಹೊರಟ ಹತ್ತು ಹನ್ನೆರಡು ಕೊಳವೆ. ನೋಡಿದರೆ ಐಸಿಯುನಲ್ಲಿ ಮಲಗಿಸಿದ ಉಪ್ಪಿನಕಾಯಿ ಭರಣಿ. ಎರಡು ವರ್ಷ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಆಯುಧಪೂಜೆಯ ದಿನ ಮಾತ್ರ ನಮ್ಮ ಅಟೆಂಡರ್ ಬಟ್ಟೆ ಸರಿಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕುತ್ತಿದ್ದ. ಉಷ್ಣಾಂಶ ತೋರಿಸುವ ಪರದೆಯ ಮೇಲೆ ಆ ಕುಂಕುಮ ಇವತ್ತಿಗೂ ಇದೆ. 30 ಡಿಗ್ರಿ ಎಷ್ಟೋ ಸಲ 80ರ ಹಾಗೆ ಕಂಡು ಎದೆ ಧಸಕ್ಕೆನ್ನುತ್ತದೆ.

ಒಂದು ದಿನ, ತಪಾಸಣೆಗೆ ಸಮಿತಿ ಬರುತ್ತದೆ, ಅಷ್ಟರೊಳಗೆ ಯಂತ್ರ ಓಡುತ್ತಿರಬೇಕು ಎಂದು ಆದೇಶವಾಯಿತು. ಬ್ರೆಡ್ ಉಬ್ಬಿಸುವ ಯೀಸ್ಟ್ ಬೆಳೆಸೋಣ, ಅದು ಸಾಧು ಜೀವ ಎಂದುಕೊಂಡು ನಾನು ಒಪ್ಪಿದೆ.

ಫರ್ಮೆಂಟರ್ ಎಂದರೆ ಸೂಕ್ಷ್ಮಜೀವಿಗಳ ಛತ್ರ. ಬಿಸಿ, ಹುಳಿ, ಗಾಳಿ, ಊಟ ನಾಲ್ಕನ್ನೂ ಅವುಗಳಿಗೆ ಹಿತವಾಗುವಷ್ಟೇ ಕೊಡಬೇಕು. ಆಹ್ವಾನ ಇಲ್ಲದವರು ಯಾರೂ ಪಂಕ್ತಿಗೆ ಕೂರಕೂಡದು. ಅದಕ್ಕಾಗಿ ಮೊದಲು ಪಾತ್ರೆಯನ್ನು ಊಟದ ಸಮೇತ ಆಟೊಕ್ಲೇವಿಗೆ ಇಳಿಸಿ, 15 ಪೌಂಡ್ ಒತ್ತಡದಲ್ಲಿ 121 ಡಿಗ್ರಿಗೆ ಅರ್ಧ ಗಂಟೆ ಬೇಯಿಸಬೇಕು. ಬರೀ ಕುದಿಸಿದರೆ ಸಾಲದು. ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಕುದಿಯುವ ನೀರಿನಲ್ಲಿ ಅಭ್ಯಂಜನ ಮಾಡಿ ಎದ್ದು ಬರುತ್ತವೆ. ಒಳಗೆ ಹೋಗುವ ಗಾಳಿಯೂ 0.2 ಮೈಕ್ರಾನಿನ ಜರಡಿಯಲ್ಲಿ ಸೋಸಿಕೊಂಡೇ ಹೋಗಬೇಕು. ಹುಳಿ ಅಳೆಯುವ ಪಿಎಚ್ ಕಡ್ಡಿಯ ಲೆಕ್ಕ ಸರಿಪಡಿಸುವುದಿದ್ದರೆ ಬೇಯಿಸುವ ಮುಂಚೆಯೇ ಸರಿಪಡಿಸಬೇಕು. ಆಮೇಲೆ ನೆನಪಾಗಿ ಕಡ್ಡಿಯನ್ನು ಹೊರಗೆಳೆದರೆ ಮಡಿ ಹೋಯಿತು.

ಊಟದ ಪಟ್ಟಿ ಕೇಳಿ: ಲೀಟರಿಗೆ 20 ಗ್ರಾಂ ಗ್ಲೂಕೋಸ್, 20 ಗ್ರಾಂ ಪೆಪ್ಟೋನ್, 10 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್. ಅಂದರೆ ಯೀಸ್ಟಿಗೆ ಅದರ ನೆಂಟರಿಷ್ಟರದೇ ಸಾರು. ಮೊದಲ ಸಲ ನಾನು ಸಕ್ಕರೆಯನ್ನೂ ಪೆಪ್ಟೋನನ್ನೂ ಒಟ್ಟಿಗೇ ಬೇಯಿಸಿಬಿಟ್ಟೆ. ಮುಚ್ಚಳ ತೆಗೆದರೆ ಒಳಗೆ ಫಿಲ್ಟರ್ ಕಾಫಿಯ ಡಿಕಾಕ್ಷನ್! ಸಕ್ಕರೆಯನ್ನು ಬೇರೆ ಬೇಯಿಸಿ, ಆರಿದ ಮೇಲೆ ಸೇರಿಸಬೇಕು ಎಂದು ಆವತ್ತು ಕಲಿತೆ. ಮೂರೂವರೆ ಲೀಟರ್ ಚರಂಡಿಗೆ ಹೋಯಿತು.

ಎರಡನೆಯ ಸಲ ಬಣ್ಣ ಸರಿಯಿತ್ತು. ಮುಚ್ಚಳದ ಬಾಯಿಗೆ ಬೆಂಕಿಯ ಬಳೆ ಹೊತ್ತಿಸಿ, ಉಸಿರು ಬಿಗಿಹಿಡಿದು, ಹಿಂದಿನ ದಿನ ಬೆಳೆಸಿದ್ದ ಯೀಸ್ಟನ್ನು ಒಳಗೆ ಸುರಿದೆ. ಮೊದಲ ಕೆಲವು ಗಂಟೆ ಏನೂ ಆಗಲಿಲ್ಲ. ಮದುವೆಮನೆಗೆ ಮೊದಲು ಬಂದ ನೆಂಟರ ಹಾಗೆ ಅವು ಸುಮ್ಮನೆ ಕೂತಿದ್ದವು. ಆಮೇಲೆ ಶುರುವಾಯಿತು: ಒಂದೂವರೆ ಗಂಟೆಗೊಮ್ಮೆ ಇದ್ದದ್ದು ಇಮ್ಮಡಿ. ರಾತ್ರಿ ಎರಡೂವರೆಗೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದವನಿಗೆ ಬುಸ್ ಎಂಬ ಸದ್ದು ಕೇಳಿ ಎಚ್ಚರವಾಯಿತು. ಕೆನೆಬಣ್ಣದ ನೊರೆ ಗಾಜಿನ ಒಳಗೋಡೆ ಹತ್ತಿ, ಗಾಳಿ ಹೊರಹೋಗುವ ಕೊಳವೆಗೆ ನುಗ್ಗಿ, ಜರಡಿಯನ್ನು ನೆನೆಸಿ, ಕಟ್ಟಿಹೋದ ಜರಡಿಯ ಕೀಲಿನ ಸಂದಿಯಿಂದ ಮೇಜಿಗೆ ಇಳಿಯುತ್ತಿತ್ತು. ಮನೆಯಲ್ಲಿ ಬೇಳೆ ಉಕ್ಕದಿರಲೆಂದು ಒಂದು ಹನಿ ಎಣ್ಣೆ ಬಿಡುತ್ತಾರಲ್ಲ, ಇಲ್ಲೂ ಅದೇ ಉಪಾಯ. ಎಣ್ಣೆಯ ಬದಲು ಸಿಲಿಕೋನ್. ಗಾಬರಿಯಲ್ಲಿ ಹನಿಯ ಬದಲು ಒಂದು ಧಾರೆಯೇ ಬಿತ್ತು. ನೊರೆ ಅಡಗಿತು, ಜೊತೆಗೆ ಗಾಳಿ ಕರಗುವುದೂ ಕಡಿಮೆಯಾಯಿತು. 30 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವ ಆಮ್ಲಜನಕವೇ ಏಳೂವರೆ ಮಿಲಿಗ್ರಾಂ. ಕೋಟ್ಯಂತರ ಬಾಯಿಗಳಿಗೆ ಅದು ಒಂದು ಗುಟುಕು.

ಬೆಳಿಗ್ಗೆ ಅಟೆಂಡರ್ ಬಾಗಿಲಲ್ಲೇ ನಿಂತು ಮೂಗು ಅರಳಿಸಿದ. "ಸಾರ್, ರಾತ್ರಿಯೆಲ್ಲಾ ಒಬ್ಬರೇ ಇದ್ರಾ?" ಕೊಠಡಿ ತುಂಬಾ ಹೆಂಡದಂಗಡಿಯ ವಾಸನೆ. ಯೀಸ್ಟಿನ ಬುದ್ಧಿಯೇ ಹಾಗೆ. ಒಮ್ಮೆಗೇ ಸಕ್ಕರೆ ಸುರಿದರೆ, ಗಾಳಿ ಎಷ್ಟೇ ಇರಲಿ, ಮೈ ಬೆಳೆಸುವುದು ಬಿಟ್ಟು ಹೆಂಡ ಕಾಯಿಸುತ್ತಾ ಕೂರುತ್ತದೆ. ದಿಢೀರ್ ದುಡ್ಡು ಕಂಡ ಹುಡುಗರ ಹಾಗೆ. ಮುಖ್ಯಸ್ಥರು ನನ್ನ ಕೆಂಪು ಕಣ್ಣು ನೋಡಿದರು, ಗಾಳಿ ಮೂಸಿದರು, ಏನೂ ಕೇಳದೆ ಹೋದರು. ಕೇಳಿದ್ದರೆ ಚೆನ್ನಾಗಿತ್ತು.

ಮೂರನೆಯ ಸಲ ಜಾಣನಾದೆ. ಬಾಣಂತಿಕೋಣೆಯಲ್ಲಿ ಒಳಲೆ ಹಿಡಿದು ಹಾಲು ಕುಡಿಸಿದ ಹಾಗೆ, ಪಂಪಿನಿಂದ ಹನಿಹನಿಯಾಗಿ ಸಕ್ಕರೆ ಬಿಟ್ಟೆ. ನೊರೆಯೂ ಇಲ್ಲ, ಹೆಂಡವೂ ಇಲ್ಲ. ಎರಡನೆಯ ದಿನ ಮಧ್ಯಾಹ್ನ ನೋಡಿದರೆ ಹುಳಿ ಮುರಿಯಲು ಇಟ್ಟಿದ್ದ ಕ್ಷಾರದ ಬಾಟಲಿ ಖಾಲಿ! ಒಳಗೆ ಯಾರೋ ಹುಳಿ ಹಿಂಡುತ್ತಿದ್ದಾರೆ. ಮೂಸಿದರೆ ಹುಳಿಮಜ್ಜಿಗೆ. ಒಂದು ಹನಿ ಸೂಕ್ಷ್ಮದರ್ಶಕದಡಿ ಇಟ್ಟೆ. ದುಂಡುದುಂಡು ಯೀಸ್ಟುಗಳ ನಡುವೆ ಸಣ್ಣ ಸಣ್ಣ ಕಡ್ಡಿಗಳು, ಸಂತೆಯಲ್ಲಿ ಜೇಬುಗಳ್ಳರು ಸೇರಿಕೊಂಡ ಹಾಗೆ. 1856ರಲ್ಲಿ ಫ್ರಾನ್ಸಿನ ಲಿಲ್ ಊರಿನಲ್ಲಿ ಬೀಟ್ ರಸದಿಂದ ಮದ್ಯಸಾರ ತೆಗೆಯುವವನೊಬ್ಬನ ತೊಟ್ಟಿಗಳು ಹುಳಿತಾಗ ಲೂಯಿ ಪಾಸ್ಚರ್ ನೋಡಿದ್ದೂ ಇದನ್ನೇ: ಒಳ್ಳೆಯ ತೊಟ್ಟಿಯಲ್ಲಿ ದುಂಡು, ಕೆಟ್ಟದ್ದರಲ್ಲಿ ಕಡ್ಡಿ. ಅವರು ಅದರಿಂದ ಜಗತ್ಪ್ರಸಿದ್ಧರಾದರು. ನಾನು ಮತ್ತೆ ಚರಂಡಿಯ ಬಳಿ ಹೋದೆ.

ರಾತ್ರಿ ಅಜ್ಜಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವರಿಗೀಗ ತೊಂಬತ್ತು. ಬೇಯಿಸಿದ್ದು, ಸೋಸಿದ್ದು, ಬೆಂಕಿ ಹಿಡಿದದ್ದು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ಮಧ್ಯೆ ಸೌಟು ಹಾಕಿ ರುಚಿ ನೋಡಿದ್ಯೇನೋ?"

ನೋಡಿದ್ದೆ. ಎರಡು ಗಂಟೆಗೊಮ್ಮೆ, ಯೀಸ್ಟ್ ಎಷ್ಟು ಬೆಳೆಯಿತು ಎಂದು ಅಳೆಯಲು, ಪಕ್ಕದ ನಳಿಕೆಯಿಂದ ಸ್ವಲ್ಪ ಸ್ವಲ್ಪ ತೆಗೆಯುತ್ತಿದ್ದೆ. ನಡುರಾತ್ರಿಯ ಒಂದು ಸರದಿಯಲ್ಲಿ, ನಿದ್ದೆಗಣ್ಣಿನಲ್ಲಿ, ನಳಿಕೆಯ ಬಾಯಿಗೆ ಸ್ಪಿರಿಟ್ ಒರೆಸುವುದನ್ನು ಮರೆತಿದ್ದೆ.

"ನೈವೇದ್ಯಕ್ಕೆ ಮುಂಚೆ ರುಚಿ ನೋಡಬಾರದು ಅಂತ ಸಾವಿರ ಸಲ ಹೇಳಿದ್ದೆ" ಎಂದು ಅಜ್ಜಿ ಫೋನ್ ಇಟ್ಟರು. ನಾನು ಮುಟ್ಟಿ ಓಡಿದ ಸೆರಗುಗಳ ಲೆಕ್ಕವೆಲ್ಲ ಆವತ್ತು ಚುಕ್ತಾ ಆಯಿತು.

ನಾಲ್ಕನೆಯ ಸಲ ರಾತ್ರಿಯ ಸರದಿಯನ್ನು ಅಟೆಂಡರ್ ತಾನೇ ವಹಿಸಿಕೊಂಡ. "ನೀವು ಮನೆಗೆ ಹೋಗಿ ಮಲಗಿ ಸಾರ್" ಎಂದ. ಕೈ ತೊಳೆದು, ಸ್ಪಿರಿಟ್ ಹಚ್ಚಿ, ಅದು ಆರುವವರೆಗೆ ಬೆರಳು ಬಿಡಿಸಿಕೊಂಡು ನಿಂತು, ನಳಿಕೆ ಒರೆಸಿ, ಮೊದಲ ನಾಲ್ಕು ಹನಿ ಚೆಲ್ಲಿ, ಆಮೇಲೆ ಮಾದರಿ ಹಿಡಿಯುತ್ತಿದ್ದ. ಬೆಳಿಗ್ಗೆವರೆಗೆ ಒಂದು ಸರದಿಯೂ ತಪ್ಪಿರಲಿಲ್ಲ. ಸಮಿತಿಯವರು ಬಂದು, ಪರದೆಯ ಮೇಲಿನ ಕುಂಕುಮ ಕಂಡು ಕೈಮುಗಿದು, ಕಾಫಿ ಕುಡಿದು ಹೋದರು.

ಅವನೂ ನಮ್ಮ ಸೀಮೆಯವನೇ. ಅವನ ಅಜ್ಜಿಗೆ ನಮ್ಮ ಅಜ್ಜಿಯ ಅಡುಗೆಮನೆ ಇರಲಿ, ಬಾವಿಕಟ್ಟೆ ಹತ್ತುವುದಕ್ಕೂ ಅವಕಾಶವಿರಲಿಲ್ಲ. ಅವನು ಮುಟ್ಟಿದ ಆ ಪಾತ್ರೆಯಿಂದ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟು ಹುಡುಕಿದೆ. ಎಲ್ಲವೂ ದುಂಡು, ಕಡ್ಡಿ ಒಂದೂ ಇರಲಿಲ್ಲ.