ಪೆಟ್ಟಿಗೆ ನೌಕಾಪಡೆ: ಒಂದು ಸಿದ್ಧಾಂತ ನಿರೂಪಣೆ

'ಪ್ರೀ-ಡ್ರೆಡ್‌ನಾಟ್' ಎಂಬುದು ಮಗ ಹುಟ್ಟಿದ ಮೇಲೆ ಅಪ್ಪನಿಗೆ ಇಟ್ಟ ಹೆಸರು. 1906ರ ಫೆಬ್ರವರಿಯಲ್ಲಿ ಬ್ರಿಟನ್ನು ಹತ್ತು ಹನ್ನೆರಡಿಂಚಿನ ತೋಪುಗಳಿಗೆಂದೇ ಕಟ್ಟಿದ ಡ್ರೆಡ್‌ನಾಟ್ ನೌಕೆಯನ್ನು ನೀರಿಗಿಳಿಸಿತು. ಅಲ್ಲಿಯವರೆಗೆ ಹಿಂದೊಂದು ಮುಂದೊಂದು ಗೋಪುರದಲ್ಲಿ ಎರಡೆರಡು ದೊಡ್ಡ ತೋಪು, ನಡುವೆ ಸಣ್ಣ ತೋಪುಗಳ ಸಂತೆ, ಮೇಲೆ ಕಲ್ಲಿದ್ದಲ ಹೊಗೆ ಹೊತ್ತು ಸುಮ್ಮನೆ 'ಯುದ್ಧನೌಕೆ' ಎನಿಸಿಕೊಂಡಿದ್ದ ಹಡಗುಗಳೆಲ್ಲ ಅಂದಿನಿಂದ 'ಪೂರ್ವ'ಗಳಾದವು. ಈ ಪೂರ್ವಜರ ಪುಟ್ಟ ಮಾದರಿಗಳನ್ನು ಮೇಜಿನ ಮೇಲೆ ಜೋಡಿಸಿ, ದಾಳ ಉರುಳಿಸಿ ಯುದ್ಧ ಆಡುವ ಹವ್ಯಾಸವೊಂದುಂಟು. ಅದಕ್ಕೆ ಬೇಕಾದ್ದು ಎರಡೇ: ಹಡಗು ಮತ್ತು ನಿಯಮ. ಇವನ್ನು ಹುಡುಕುವುದು ಸಾಧನ, ಯುದ್ಧ ಆಡುವುದು ಸಾಧ್ಯ ಎಂದು ಲೋಕ ತಿಳಿದಿದೆ. ಇದು ತಲೆಕೆಳಗಾದ ತಿಳಿವಳಿಕೆ ಎಂಬುದೇ ಪ್ರಸ್ತುತ ಪ್ರಬಂಧದ ವಾದ. ಹುಡುಕಾಟವೇ ಆಟ, ಯುದ್ಧವೆಂಬುದು ಅಪರೂಪಕ್ಕೆ ತಗಲಿಕೊಳ್ಳುವ, ಎಚ್ಚರವಿದ್ದರೆ ತಪ್ಪಿಸಬಹುದಾದ ಉಪದ್ರವ.

ಮೊದಲ ಪ್ರಮಾಣ ಇತಿಹಾಸದ್ದು. ಆ ಕಾಲದ ನೌಕಾಪಡೆಗಳೇ ಕ್ಯಾಟಲಾಗ್ ತಿರುವಿಹಾಕಿ ಹಡಗು ತರಿಸಿಕೊಂಡಿದ್ದವು. ರಷ್ಯಾದೊಡನೆ ಯುದ್ಧಕ್ಕಿಳಿದಾಗ ಜಪಾನಿನ ಬಳಿಯಿದ್ದ ಆರು ಹೊಸ ಯುದ್ಧನೌಕೆಗಳೂ ಬ್ರಿಟನ್ನಿನಲ್ಲಿ ತಯಾರಾದವು. ಅಡ್ಮಿರಲ್ ಟೋಗೊ ನಿಂತ 'ಮಿಕಾಸಾ' ಬ್ಯಾರೋದ ವಿಕರ್ಸ್ ಕಟ್ಟೆಯದು. ಅರ್ಜೆಂಟೀನಾಕ್ಕೆಂದು ಜಿನೋವಾದಲ್ಲಿ ಸಿದ್ಧವಾಗುತ್ತಿದ್ದ ಎರಡು ಕ್ರೂಸರುಗಳನ್ನು ಯುದ್ಧಕ್ಕೆ ಸ್ವಲ್ಪ ಮುಂಚೆ ಜಪಾನು ದುಡ್ಡು ಕೊಟ್ಟು ಎತ್ತಿಕೊಂಡು ಹೋಯಿತು. ಚಿಲಿ ದೇಶ ಬೇಡವೆಂದ ಎರಡು ನೌಕೆಗಳನ್ನು 1903ರ ಡಿಸೆಂಬರಿನಲ್ಲಿ ಬ್ರಿಟನ್ನು ಕೊಂಡು 'ಸ್ವಿಫ್ಟ್‌ಶುರ್', 'ಟ್ರಯಂಫ್' ಎಂದು ಹೆಸರಿಟ್ಟಿತು. ಅವು ಅದಕ್ಕೆ ಬೇಕಿರಲಿಲ್ಲ, ರಷ್ಯಾಕ್ಕೆ ಸಿಗಬಾರದಾಗಿತ್ತು ಅಷ್ಟೆ. ಹರಾಜಿನಲ್ಲಿ ಕೊನೆಯ ಪೊಟ್ಟಣಕ್ಕೆ ಕೈಯೆತ್ತುವ ಹವ್ಯಾಸಿಯ ಮನಸ್ಸು ಬೇರೆಯದಲ್ಲ. ಅವನನ್ನು ಮರುಳನೆನ್ನುವವರು ಬ್ರಿಟಿಷ್ ಸರಕಾರವನ್ನೂ ಹಾಗೆಯೇ ಕರೆಯಬೇಕಾಗುತ್ತದೆ. ಕೆಲವರಿಗೆ ಅದರಲ್ಲಿ ಅಭ್ಯಂತರ ಇರಲಾರದು.

ಕೊಂಡ ಹಡಗುಗಳು ಏನು ಮಾಡಿದವು? ಬಹುಪಾಲು ಏನೂ ಮಾಡಲಿಲ್ಲ. ಬ್ರಿಟನ್ನಿನ 'ಮೆಜೆಸ್ಟಿಕ್' ವರ್ಗದ ಒಂಬತ್ತು ನೌಕೆಗಳಲ್ಲಿ ಒಂದೂ ವೈರಿ ಪಡೆಯೆದುರು ಸಾಲುಗಟ್ಟಿ ಕಾದಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಮುದುಕಾಗಿದ್ದ ನಾಲ್ಕರ ತೋಪುಗಳನ್ನು ಕಿತ್ತು ಮಾನಿಟರ್ ಎಂಬ ಬೇರೆ ಜಾತಿಯ ಹಡಗುಗಳಿಗೆ ಅಂಟಿಸಿದರು. 'ಮೆಜೆಸ್ಟಿಕ್' ತಾನೇ ಗ್ಯಾಲಿಪೊಲಿಯಲ್ಲಿ ಲಂಗರು ಹಾಕಿ ನಿಂತಿದ್ದಾಗ, 1915ರ ಮೇ 27ರಂದು, ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ತಿಂದು ಮುಳುಗಿತು. ಆದರೂ ಇವು ವ್ಯರ್ಥವೆಂದು ಯಾವ ನೌಕಾಪಂಡಿತನೂ ಹೇಳುವುದಿಲ್ಲ. ಬಂದರಿನಲ್ಲಿ ಸುಮ್ಮನಿದ್ದರೂ ಪಡೆಯು ವೈರಿಯ ಕೈಕಟ್ಟುತ್ತದೆ ಎಂಬ ತತ್ತ್ವ 1690ರಲ್ಲಿ ಟಾರಿಂಗ್ಟನ್ ಎಂಬ ಅಡ್ಮಿರಲ್ ಹೇಳಿದಂದಿನಿಂದ ಚಲಾವಣೆಯಲ್ಲಿದೆ. ಅದನ್ನೇ ಅಟ್ಟದ ಮೇಲಿನ ಶೂ ಪೆಟ್ಟಿಗೆಗೆ ಅನ್ವಯಿಸಿ ನೋಡಿ. ಬಣ್ಣ ಕಾಣದ ಸೀಸದ ಹಡಗುಗಳು, ಅಂಚಿನಲ್ಲಿ ಅರದಿಂದ ಉಜ್ಜಬೇಕಾದ ಲೋಹದ ಸೆರಗು, ಮುಟ್ಟಿದರೆ ಬಾಗುವ ಕೂದಲೆಳೆಯಂಥ ತೋಪು, ರಷ್ಯನ್ ಹೊಗೆಕೊಳವೆಗಳಿಗೆಂದು ತಂದು ಗಟ್ಟಿಯಾಗಿಹೋದ ಹಳದಿ ಬಣ್ಣದ ಡಬ್ಬಿ. ಈ ಪೆಟ್ಟಿಗೆ ಬಂದರಲ್ಲದೆ ಮತ್ತೇನು?

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ: ಹಡಗು ಸಿಕ್ಕ ಮೇಲೆ ಆಡಲು ಅಡ್ಡಿಯೇನು? ಅಡ್ಡಿ ಗಣಿತದ್ದು. 'ಮಿಕಾಸಾ'ದ ಉದ್ದ ಸುಮಾರು 132 ಮೀಟರ್. 1:1200ರ ಅಳತೆಯಲ್ಲಿ ಅದು 11 ಸೆಂಟಿಮೀಟರಿನ ಚೆಂದದ ವಸ್ತು. ಮಾದರಿ ತಯಾರಕರಾದ ನ್ಯಾವ್‌ವಾರ್‌ನವರ 1:3000ರಲ್ಲಿ 4.4 ಸೆಂಟಿಮೀಟರ್, ಅಂದರೆ ಬೆಂಡೆಕಾಯಿಯ ತುಂಡು, 1:6000ರಲ್ಲಿ 2.2, ಹುಣಿಸೆಬೀಜದ ಅಣ್ಣ. ರಷ್ಯಾ-ಜಪಾನ್ ಯುದ್ಧದ ಸುಶಿಮಾ ಕಾಳಗದಲ್ಲಿ ತೋಪು ಮಾತಾಡಿದ್ದು ಆರು ಸಾವಿರ ಮೀಟರಿಗೂ ಹೆಚ್ಚು ದೂರದಿಂದ. ಆ ದೂರ ಮೊದಲನೆಯದರಲ್ಲಿ ಐದು ಮೀಟರ್ ದಾಟುತ್ತದೆ, ಹಜಾರ ಸಾಲದೆ ಅಡುಗೆಮನೆಗೂ ಯುದ್ಧ ಹಬ್ಬುತ್ತದೆ. ಎರಡನೆಯದಕ್ಕೆ ಎರಡು ಮೀಟರ್, ಮೂರನೆಯದಕ್ಕೆ ಒಂದು. ಹಡಗು ಕಣ್ಣಿಗೆ ಕಂಡರೆ ಸಮುದ್ರ ಮನೆಗೆ ಹಿಡಿಸದು. ಸಮುದ್ರ ಹಿಡಿಸಿದರೆ ಹಡಗು ಕಾಣದು. ಹಡಗಿಗೊಂದು, ದೂರಕ್ಕೊಂದು ಅಳತೆ ಇಟ್ಟುಕೊಳ್ಳಬಹುದೆಂದು ರಾಜಿಪಂಚಾಯ್ತಿಯವರು ಹೇಳುತ್ತಾರೆ. ತಕ್ಕಡಿಯ ಎರಡು ತಟ್ಟೆಗೆ ಎರಡು ಬಗೆಯ ಕಲ್ಲಿಡುವ ಅಂಗಡಿಯವನೂ ಹಾಗೆಯೇ ಹೇಳುತ್ತಾನೆ.

ಇನ್ನು ನಿಯಮದ ವಿಚಾರ. ಇದರ ಆದಿಪುರುಷ ಇಂಗ್ಲೆಂಡಿನ ಫ್ರೆಡ್ ಟಿ. ಜೇನ್. 1898ರಲ್ಲಿ ಅವನು ಹೊರತಂದ ಆಟದಲ್ಲಿ ದಾಳಕ್ಕೆ ಬದಲು ಹಿಡಿಕೆಯುಳ್ಳ ಸಣ್ಣ ಬಡಿಗೆಯಿತ್ತು; ಅದರ ಮುಖದಲ್ಲೊಂದು ಸೂಜಿ, ಅದೂ ನಟ್ಟನಡುವೆ ಅಲ್ಲ. ಎದುರಾಳಿಯ ಹಡಗಿನ ಚಿತ್ರಕ್ಕೆ ಅದರಿಂದ ಬಡಿದರೆ ಚುಚ್ಚಿದಲ್ಲಿ ಗುಂಡು ಬಿದ್ದ ಲೆಕ್ಕ. ಆಟಕ್ಕೆ ಜೊತೆಯಾಗಲೆಂದು ಅದೇ ವರ್ಷ ಅವನು ಲೋಕದ ಯುದ್ಧನೌಕೆಗಳನ್ನೆಲ್ಲ ಚಿತ್ರಸಮೇತ ಪಟ್ಟಿಮಾಡಿ ಒಂದು ಪುಸ್ತಕ ತಂದ. ಬಡಿಗೆಯನ್ನು ಇಂದು ಬಲ್ಲವರು ಬೆರಳೆಣಿಕೆ. ಪಟ್ಟಿ ಮಾತ್ರ ಅವನ ಹೆಸರಿನಲ್ಲೇ ವರ್ಷ ವರ್ಷ ಬೆಳೆದು ನೌಕಾ ಕಚೇರಿಗಳ ಕಪಾಟು ಸೇರಿತು. ಮೂಗಿಗಿಂತ ಮೂಗುತಿ ಭಾರವಾಯಿತು. ಹುಡುಕಾಟ ಆಟವನ್ನು ನುಂಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ದಾಳವಾದಿಗಳಿಗೂ ಒಂದು ಮಾತು. 1898ರ ಜುಲೈಯಲ್ಲಿ ಕ್ಯೂಬಾದ ಸ್ಯಾಂಟಿಯಾಗೊದೆದುರು ಅಮೆರಿಕನ್ನರು ಸುಮಾರು 9,400 ಗುಂಡು ಹಾರಿಸಿದರು. ಸ್ಪೇನಿನ ಹಡಗುಗಳಿಗೆ ತಗಲಿದ್ದು 120ರ ಆಸುಪಾಸು, ನೂರಕ್ಕೆ ಒಂದೂಕಾಲು. ಗೆದ್ದವರ ಗುರಿ ಇದು! ಎರಡು ದಾಳದಲ್ಲಿ ಜೋಡಿ ಆರು ಬೀಳುವ ಸಂಭವ 36ಕ್ಕೆ ಒಂದು. ಅಷ್ಟು ಕೊಟ್ಟರೂ ಗೋಲಂದಾಜನ ಯೋಗ್ಯತೆಯ ಎರಡರಷ್ಟು ಕೊಟ್ಟಂತೆ. ಮೂರು ದಾಳದಲ್ಲಿ 216ಕ್ಕೆ ಒಂದು, ಅದು ಅವನಿಗೆ ಅನ್ಯಾಯ. ಆರು ಕವಡೆ ಚೆಲ್ಲಿ ಆರೂ ಬಾಯ್ತೆರೆದು ಬೀಳುವುದು, ಕವಡೆ ಪಕ್ಷಪಾತಿಯಲ್ಲದಿದ್ದರೆ, 64ಕ್ಕೆ ಒಂದು: ನೂರಕ್ಕೆ ಒಂದೂವರೆಯಷ್ಟು. ಸ್ಯಾಂಟಿಯಾಗೊಗೆ ದಾಳಕ್ಕಿಂತ ನಮ್ಮ ಚೌಕಾಬಾರದ ಕವಡೆಯೇ ಹತ್ತಿರವೆಂದು ಇದರಿಂದ ಸಿದ್ಧವಾಯಿತು. ಆದರೆ 9,400 ಸಲ ಕವಡೆ ಚೆಲ್ಲಲು ಕೂರುವವರು ಯಾರು?

ಪೂರ್ವಪಕ್ಷದ ಕೊನೆಯ ಅಸ್ತ್ರ ಸುಶಿಮಾ. ಅಲ್ಲಿ ನಿಜಕ್ಕೂ ಯುದ್ಧ ನಡೆಯಿತಲ್ಲ? ನಡೆಯಿತು, ಎಷ್ಟು ಹೊತ್ತು ಎಂಬುದು ಪ್ರಶ್ನೆ. ರೊಝೆಸ್ಟ್‌ವೆನ್‌ಸ್ಕಿಯ ರಷ್ಯನ್ ಪಡೆ 1904ರ ಅಕ್ಟೋಬರಿನಲ್ಲಿ ಬಾಲ್ಟಿಕ್ ಬಿಟ್ಟು, ದಾರಿಯಲ್ಲಿ ಬ್ರಿಟಿಷ್ ಮೀನುದೋಣಿಗಳನ್ನು ಜಪಾನೀ ಟಾರ್ಪಿಡೊ ದೋಣಿಗಳೆಂದು ಭ್ರಮಿಸಿ ಗುಂಡು ಹಾರಿಸಿ, ಜರ್ಮನ್ ಹಡಗುಗಳಿಂದ ಕಲ್ಲಿದ್ದಲು ತುಂಬಿಸಿಕೊಳ್ಳುತ್ತ, ಮಡಗಾಸ್ಕರಿನಲ್ಲಿ ಕೊಳೆಯುತ್ತ, ಸುಮಾರು 18,000 ನಾಟಿಕಲ್ ಮೈಲಿ ಸಾಗಿತು. 1905ರ ಮೇ 27ರ ಒಂದು ಮಧ್ಯಾಹ್ನದೊಳಗೆ ಅದರ ಹಣೆಬರಹ ಮುಗಿಯಿತು. ಏಳು ತಿಂಗಳ ಹುಡುಕಾಟಕ್ಕೆ ಅರ್ಧ ದಿನದ ಯುದ್ಧ: ಪ್ರಮಾಣಬದ್ಧವಾಗಿ ಆಡುವವನು ಏಳು ವರ್ಷ ಹುಡುಕಿದರೆ ಆರು ದಿನ ಆಡಲು ಅರ್ಹ. ಆ ಯಾನವನ್ನೂ ಸೇರಿಸಿಕೊಂಡು 1:3000ರಲ್ಲಿ ಆಡುತ್ತೇವೆಂಬ ನಿಷ್ಠಾವಂತರಿಗೆ ಹನ್ನೊಂದು ಕಿಲೋಮೀಟರ್ ಉದ್ದದ ಮೇಜು ಬೇಕು.

ಮಡಿವಂತರದೊಂದು ಆಕ್ಷೇಪ ಉಳಿಯಿತು: ಸರಿಯಾದ ಹಡಗು ಸಿಗದೆ ಒಂದರ ಕೊಳವೆ, ಇನ್ನೊಂದರ ಕೂವೆಮರ ಕಿತ್ತು ಜೋಡಿಸುವುದು, ಅದರಲ್ಲೂ ಡ್ರೆಡ್‌ನಾಟ್ ಕಾಲದ ತುಣುಕನ್ನು ಪೂರ್ವಜರಿಗೆ ಅಂಟಿಸುವುದು ಅಪಚಾರವಂತೆ. ಅಂಥವರು ಯೋಕೋಸುಕಾಕ್ಕೆ ಹೋಗಿ ಬರಲಿ. 1926ರಲ್ಲಿ ಸ್ಮಾರಕವಾದ 'ಮಿಕಾಸಾ' ಅಲ್ಲೇ ದಡಕ್ಕೆ ಕಚ್ಚಿಕೊಂಡಿದೆ. ಎರಡನೇ ಮಹಾಯುದ್ಧದ ನಂತರ ತೋಪು, ಕೊಳವೆಗಳನ್ನು ಕಳಚಿ ಅದರ ಮೇಲೆ ನೃತ್ಯಶಾಲೆ, ಮೀನಿನ ತೊಟ್ಟಿ ನಡೆಸಿದರು. ಮತ್ತೆ ಅದನ್ನು ಯುದ್ಧನೌಕೆಯಾಗಿಸಿ 1961ರಲ್ಲಿ ತೆರೆದಾಗ ಕಾಣೆಯಾಗಿದ್ದ ಕೆಲವು ಭಾಗಗಳು ಬಂದದ್ದು ಗುಜರಿಗೆಂದು ಜಪಾನಿಗೆ ಎಳೆತಂದಿದ್ದ ಚಿಲಿಯ 'ಅಲ್ಮಿರಾಂತೆ ಲಾತೊರ್ರೆ'ಯಿಂದ. ಅದು ಅಪ್ಪಟ ಡ್ರೆಡ್‌ನಾಟ್. ಈಗಿರುವ ತೋಪುಗಳು ನಕಲು. ತಳ ಕಾಂಕ್ರೀಟಿನದು, ಅಳತೆ 1:1.