ಕ್ಯಾಪ್ಸೂಲ್ ಹೊಕ್ಕ ಎಣ್ಣೆ

ಎಣ್ಣೆಗಳಲ್ಲೂ ಮೇಲುಕೀಳು ಉಂಟು ನೋಡಿ. ಅಡುಗೆಮನೆಯ ಕ್ಯಾನಿನಲ್ಲಿರುವ ಎಣ್ಣೆಯನ್ನು ಕಂಡರೆ ಮನೆಮಂದಿಗೆಲ್ಲ ಅನುಮಾನ. ಒಗ್ಗರಣೆಗೆ ಒಂದು ಚಮಚ ಹೆಚ್ಚು ಬಿತ್ತೋ, ‘ಕೊಲೆಸ್ಟರಾಲ್’ ಎಂದು ಹಾಲ್‌ನಿಂದಲೇ ಕೂಗು. ಕರಿದ ಹಪ್ಪಳವನ್ನು ಪೇಪರಿನ ಮೇಲೆ ಹರವಿ, ಇನ್ನೊಂದು ಪೇಪರಿನಿಂದ ಒತ್ತಿ, ಪ್ರಾಣ ಹಿಂಡಿಯೇ ಬಡಿಸುವುದು. ಅದೇ ಬಳಗದ ಇನ್ನೊಂದು ಎಣ್ಣೆ ಹೊನ್ನಿನ ಬಣ್ಣದ ಕ್ಯಾಪ್ಸೂಲಿನೊಳಗೆ ಕೂತು ಬರಲಿ, ಅಂಗೈಯಲ್ಲಿ ತೀರ್ಥದಂತೆ ತೊಗೊಂಡು ಕಣ್ಣು ಮುಚ್ಚಿ ನುಂಗುತ್ತಾರೆ.

ಮೈಸೂರಿನ ನಮ್ಮ ಚಿಕ್ಕಮ್ಮನ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕ, ಈಗ ಅಂಥದೊಂದು ವಿರಾಜಮಾನವಾಗಿದೆ: ಈವ್ನಿಂಗ್ ಪ್ರಿಮ್‌ರೋಸ್ ಆಯಿಲ್. ಮುಟ್ಟಿಗೆ ವಾರ ಮುಂಚಿನಿಂದ ಎದೆ ಭಾರವಾಗಿ ನೋಯುತ್ತದೆ ಎಂದು ಡಾಕ್ಟರ ಹತ್ತಿರ ಹೋದರು. ಅವರು ಪರೀಕ್ಷೆ ಮಾಡಿ, ಸ್ಕ್ಯಾನ್ ಮಾಡಿಸಿ, ಗಂಟುಗಿಂಟು ಏನೂ ಇಲ್ಲ ಎಂದು ಹೇಳಿ, ಇದನ್ನು ಬರೆದುಕೊಟ್ಟರು. ಸುದ್ದಿ ನ್ಯೂಜೆರ್ಸಿಗೆ ಓದಲು ಹೋದ ಮಗಳಿಗೂ ತಲುಪಿತು. ರಜಕ್ಕೆ ಬಂದವಳ ಸೂಟ್‌ಕೇಸಿನಲ್ಲಿ ಚಾಕೊಲೇಟಿಗಿಂತ ಮೊದಲು ಹೊರಬಿದ್ದದ್ದು ತಂಬಿಗೆ ಗಾತ್ರದ ಬಾಟಲಿ.

ಗಿಡವೂ ಆ ಕಡೆಯದೇ. ಉತ್ತರ ಅಮೆರಿಕದ ರಸ್ತೆ ಬದಿ, ರೈಲು ಹಳಿಯ ಪಕ್ಕ, ಪಾಳು ಜಾಗಗಳಲ್ಲಿ ಆಳೆತ್ತರಕ್ಕೆ ಎದ್ದು ನಿಲ್ಲುವ ಕಳೆ. ಹೊತ್ತು ಮುಳುಗುವಾಗ ಅದರ ಹಳದಿ ಮೊಗ್ಗು ನಾವು ನೋಡುನೋಡುತ್ತಿದ್ದಂತೆ ಬಿಚ್ಚಿಕೊಳ್ಳುತ್ತದೆ, ರಾತ್ರಿಯ ಪತಂಗಗಳನ್ನು ಕರೆಯುತ್ತದೆ, ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಸೊರಗುತ್ತದೆ. ಸಾಸಿವೆಯಷ್ಟೂ ಇಲ್ಲದ ಬೀಜ. ಅದನ್ನು ಹಿಂಡಿದರೆ ಈ ಎಣ್ಣೆ.

ಎಣ್ಣೆಯಲ್ಲಿ ಇರುವುದಾದರೂ ಏನು? ನೂರಕ್ಕೆ ಎಪ್ಪತ್ತು ಪಾಲು ಲಿನೋಲೆಯಿಕ್ ಆಮ್ಲ. ಇದು ನಮ್ಮ ವಿಜಯಪುರ, ಕಲಬುರಗಿ ಕಡೆಯವರು ತಲೆತಲಾಂತರದಿಂದ ಗಾಣಕ್ಕೆ ಹಾಕಿಸಿ ತಿಂದ ಕುಸುಬೆ ಎಣ್ಣೆಯಲ್ಲಿ ಯಥೇಚ್ಛ. ಲೆಕ್ಕ ಹಾಕಿ ನೋಡಿ: ಒಂದು ದೊಡ್ಡ ಚಮಚ ಕುಸುಬೆ ಎಣ್ಣೆಯಿಂದ ಸಿಗುವಷ್ಟು ಲಿನೋಲೆಯಿಕ್ ಆಮ್ಲ ಬೇಕಾದರೆ ಸಾವಿರ ಮಿಲಿಗ್ರಾಮಿನ ಈ ಕ್ಯಾಪ್ಸೂಲುಗಳನ್ನು ಹದಿನಾಲ್ಕರಷ್ಟು ನುಂಗಬೇಕು. ‘ಹಾಗಾದರೆ ಬದನೆಕಾಯಿ ಎಣ್ಣೆಗಾಯಿ ಮಾಡಿಕೊಂಡು ತಿನ್ನಿ’ ಎಂದೆ. ಚಿಕ್ಕಮ್ಮ ನನ್ನನ್ನು ನೋಡಿದ ನೋಟ ಬರೆಯುವಂಥದ್ದಲ್ಲ.

ಕೀರ್ತಿಯೆಲ್ಲ ಇರುವುದು ಉಳಿದದ್ದರಲ್ಲಿ ಎಂಟು ಹತ್ತು ಪಾಲಿನ ಗಾಮಾ ಲಿನೋಲೆನಿಕ್ ಆಮ್ಲದ ಮೇಲೆ. ನಮ್ಮ ದೇಹ ಇದನ್ನು ಲಿನೋಲೆಯಿಕ್‌ನಿಂದ ತಾನೇ ತಯಾರಿಸಿಕೊಳ್ಳುತ್ತದೆ. ಮುಂದೆ ಅದರಿಂದ ಉರಿಯೂತ ತಗ್ಗಿಸುವ ಕೆಲವು ಪದಾರ್ಥಗಳು ಹುಟ್ಟುತ್ತವೆ. ಕೆಲವರಲ್ಲಿ ಈ ತಯಾರಿಯ ಕಿಣ್ವ ಸೋಮಾರಿಯಾಗಿರುತ್ತದೆ, ಅಂಥವರಿಗೆ ಸಿದ್ಧ ಮಾಲನ್ನೇ ಕೊಟ್ಟುಬಿಟ್ಟರೆ ಇಸುಬು, ಎದೆನೋವು, ಇನ್ನೂ ಏನೇನೋ ವಾಸಿಯಾಗಬೇಕು ಎಂದು ತರ್ಕ ಕಟ್ಟಿದವರು ಡೇವಿಡ್ ಹೊರೋಬಿನ್ ಎಂಬ ಬ್ರಿಟಿಷ್ ವೈದ್ಯವಿಜ್ಞಾನಿ. ಸಣ್ಣ ಆಸಾಮಿಯಲ್ಲ. ಆಕ್ಸ್‌ಫರ್ಡಿನಲ್ಲಿ ಓದಿ, ನೈರೋಬಿಯಲ್ಲಿ ಪ್ರೊಫೆಸರಾಗಿ, ಪ್ರಯೋಗಕ್ಕಿಂತ ಊಹೆಗೆ ಮಣೆ ಹಾಕುವ ‘ಮೆಡಿಕಲ್ ಹೈಪಾಥಿಸೀಸ್’ ಪತ್ರಿಕೆಯನ್ನು 1975ರಲ್ಲಿ ಹುಟ್ಟುಹಾಕಿದವರು. ಇಂಥವರು ಎಣ್ಣೆ ಮಾರಲು ಕೂತರೆ ಕೇಳಬೇಕೆ? ಅವರ ಸ್ಕೋಷಿಯಾ ಕಂಪನಿಯ ಕ್ಯಾಪ್ಸೂಲುಗಳು ಬ್ರಿಟನ್ನಿನಲ್ಲಿ ಡಾಕ್ಟರ ಚೀಟಿಗೆ ಸಿಗುವ ಔಷಧಿಗಳೇ ಆದವು: ಇಸುಬಿಗೆ ಎಪೋಗ್ಯಾಮ್, ಸ್ತನದ ನೋವಿಗೆ ಎಫಾಮಾಸ್ಟ್. ಆಮೇಲೆ 2001ರಲ್ಲಿ ಕಂಪನಿ ಮುಳುಗಿತು. ಗುಣ ಕಾಣುತ್ತದೆ ಎನ್ನಲು ಪುರಾವೆ ಸಾಲದು ಎಂದು 2002ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಎರಡರ ಪರವಾನಗಿಯನ್ನೂ ಹಿಂತೆಗೆದುಕೊಂಡರು. 2013ರಲ್ಲಿ, ಚಿಕಿತ್ಸೆಗಳ ಪುರಾವೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು ಇಸುಬಿನ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ ಕೂಡಿಸಿ ನೋಡಿ, ಡಮ್ಮಿ ಮಾತ್ರೆಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದರು.

ನನಗೆ ಇದಕ್ಕಿಂತ ರುಚಿಸಿದ್ದು 2002ರಲ್ಲೇ ಪ್ರಕಟವಾದ ನೆದರ್‌ಲೆಂಡ್ಸಿನ ಒಂದು ಪರೀಕ್ಷೆ. ಸ್ತನದ ನೋವಿನ 120 ಹೆಂಗಸರನ್ನು ಗುಂಪು ಮಾಡಿ, ಕೆಲವರಿಗೆ ಪ್ರಿಮ್‌ರೋಸ್ ಎಣ್ಣೆ, ಕೆಲವರಿಗೆ ಮೀನೆಣ್ಣೆ, ಉಳಿದವರಿಗೆ ಹೋಲಿಕೆಗೆಂದು ಮೆಕ್ಕೆಜೋಳದಂಥ ಸಾಧಾರಣ ಎಣ್ಣೆ ಕೊಟ್ಟರು. ತಿಂಗಳುಗಳು ಕಳೆದವು. ಎಲ್ಲರ ನೋವೂ ಕಡಿಮೆಯಾಯಿತು! ಮೆಕ್ಕೆಜೋಳದವರದೂ ಅಷ್ಟೇ ಕಡಿಮೆಯಾಯಿತು. ಹಾವೇರಿ, ದಾವಣಗೆರೆಯ ರೈತರಿಗೆ ಈ ಸುದ್ದಿ ಯಾರೂ ಮುಟ್ಟಿಸಿಲ್ಲ. ಮುಟ್ಟಿಸಿದ್ದರೆ ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಕೇಳುವಾಗ ಒಂದು ಹೊಸ ವಾದವಾದರೂ ಸಿಗುತ್ತಿತ್ತು.

ಅಂದಹಾಗೆ, ಬುದ್ಧಿವಂತರನ್ನು ಯಾಮಾರಿಸುವುದು ಈ ಗಿಡದ ಕುಲಕಸುಬು. 1886ರಲ್ಲಿ ಅದೇ ನೆದರ್‌ಲೆಂಡ್ಸಿನ ಹಿಲ್ವರ್ಸಮ್ ಹತ್ತಿರ, ಪಾಳುಬಿದ್ದ ಆಲೂಗಡ್ಡೆ ಹೊಲದಲ್ಲಿ, ಇದರ ಜ್ಞಾತಿಯೊಂದನ್ನು ಹ್ಯೂಗೋ ಡಿ ವ್ರೀಸ್ ಎಂಬ ಸಸ್ಯವಿಜ್ಞಾನಿ ಕಂಡರು. ಬೀಜ ಬಿತ್ತಿ ನೋಡಿದರೆ ತಾಯಿಯನ್ನು ಹೋಲದ ಮರಿಗಳು. ಹೊಸ ಜೀವಜಾತಿಗಳು ಹೀಗೆ ಒಂದೇ ನೆಗೆತಕ್ಕೆ ಹುಟ್ಟುತ್ತವೆ ಎಂದು ಅವರು ಹಿಗ್ಗಿ ದಪ್ಪ ದಪ್ಪ ಎರಡು ಸಂಪುಟ ಬರೆದರು. ಮುಂದೆ ತಿಳಿದದ್ದು ಬೇರೆ: ಆ ಗಿಡದ ಕ್ರೋಮೋಸೋಮುಗಳೇ ತುಂಡು ಅದಲು ಬದಲಾಗಿ ವಿಚಿತ್ರವಾಗಿ ಜೋಡಿಕೊಂಡಿದ್ದವು, ಹೊಸ ಜಾತಿಯೆಂದು ಕಂಡದ್ದರಲ್ಲಿ ಹೆಚ್ಚಿನವು ಆ ಗೋಜಲಿನ ಫಲ.

ಹಠವೂ ಕಡಿಮೆಯಲ್ಲ. ಮಿಷಿಗನ್ನಿನಲ್ಲಿ ವಿಲಿಯಂ ಬೀಲ್ ಎಂಬವರು 1879ರಲ್ಲಿ ಬಗೆಬಗೆಯ ಕಳೆಬೀಜಗಳನ್ನು ಸೀಸೆಗಳಲ್ಲಿ ತುಂಬಿ ಹೂತಿಟ್ಟರು. ಎಂಬತ್ತು ವರ್ಷ ಕಳೆದು ಒಂದು ಸೀಸೆ ತೆಗೆದಾಗಲೂ ಈವ್ನಿಂಗ್ ಪ್ರಿಮ್‌ರೋಸ್ ಮೊಳೆತಿತ್ತು. ಬೀಜಕ್ಕೇ ಅಷ್ಟು ಜಿಗುಟುತನ ಇರುವಾಗ, ಲಂಡನ್ನಿನ ಒಂದು ಸರ್ಕಾರಿ ಆದೇಶಕ್ಕೆ ಎಣ್ಣೆ ಬಗ್ಗೀತೆ? ಔಷಧಿಯ ಪಟ್ಟಿಯಿಂದ ಇಳಿದು ‘ಪೂರಕ ಆಹಾರ’ ಎಂಬ ಹೊಸ ವೇಷದಲ್ಲಿ ಲೋಕಸಂಚಾರ ನಡೆಸಿದೆ.

ಆ ವೇಷದ ತಮಾಷೆ ಡಬ್ಬಿಯ ಮೇಲೇ ಇದೆ. ಚಿಕ್ಕಮ್ಮ ಮೊದಲು ಮೆಡಿಕಲ್ ಶಾಪಿನಿಂದ ತಂದ ಡಬ್ಬಿಯನ್ನು ಕನ್ನಡಕ ಹಾಕಿಕೊಂಡು ಓದಿದೆ. ನಮ್ಮ ಆಹಾರ ಸುರಕ್ಷತಾ ನಿಯಮ ಹೇಳುವಂತೆ ‘ಔಷಧಿಯಾಗಿ ಬಳಸಲು ಅಲ್ಲ’ ಎಂದು ಅಚ್ಚಾಗಿತ್ತು. ಅಮೆರಿಕದ ಬಾಟಲಿಯಲ್ಲೂ ಅಷ್ಟೇ, ಯಾವ ರೋಗವನ್ನೂ ಗುಣಪಡಿಸುವ ಉದ್ದೇಶ ತನಗಿಲ್ಲ ಎಂಬ ಪ್ರಮಾಣವಚನ. ಪಕ್ಕದಲ್ಲೇ ಡಾಕ್ಟರ ಚೀಟಿ: ರಾತ್ರಿ ಊಟದ ನಂತರ ಒಂದು. ಇನ್ನೂ ಕೆಳಗೆ, ಇರುವೆಯಂಥ ಅಕ್ಷರದಲ್ಲಿ, ಕ್ಯಾಪ್ಸೂಲಿನ ಹೊದಿಕೆ ಯಾವುದರದು ಎಂದಿತ್ತು. ಜೆಲಟಿನ್. ಅಂದರೆ ಪ್ರಾಣಿಗಳ ಮೂಳೆ, ಚರ್ಮ ಬೇಯಿಸಿ ತೆಗೆದದ್ದು.

ಮೊಟ್ಟೆ ಇದ್ದೀತು ಎಂದು ಬೇಕರಿ ಕೇಕ್ ಮುಟ್ಟದ, ಏಕಾದಶಿ ತಪ್ಪಿಸದ ಚಿಕ್ಕಮ್ಮ ಒಂದು ಗಳಿಗೆ ಸುಮ್ಮನಾದರು. ಆಮೇಲೆ, ‘ಔಷಧಿಗೆ ಮಡಿಮೈಲಿಗೆ ಇಲ್ಲ ಕಣೆ’ ಎಂದರು.

‘ಔಷಧಿ ಅಲ್ಲ ಅಂತ ಅದೇ ಹೇಳ್ಕೋತಿದೆಯಲ್ಲ ಚಿಕ್ಕಮ್ಮ.’

‘ಔಷಧಿ ಅಲ್ದಿದ್ರೆ ಡಾಕ್ಟ್ರು ಯಾಕೆ ಬರೀತಿದ್ರು?’

ಇದಕ್ಕೆ ಕಾಕ್ರೇನ್‌ನವರ ಹತ್ತಿರವೂ ಉತ್ತರ ಇರಲಾರದು. ಡಾಕ್ಟರನ್ನು ದೂರಿ ಫಲವಿಲ್ಲ. ಅವರು ಕೈಯಿಟ್ಟು ನೋಡಿ, ಸ್ಕ್ಯಾನ್ ಮಾಡಿಸಿ, ಭಯಪಡುವಂಥದ್ದಲ್ಲ ಎಂದರಲ್ಲ, ಚಿಕಿತ್ಸೆ ಮುಕ್ಕಾಲು ಅಲ್ಲೇ ಮುಗಿದಿತ್ತು. ತಿಂಗಳಿಗೊಮ್ಮೆ ಬರುವ ಈ ನೋವು ಬಹುಪಾಲು ಹೆಂಗಸರಿಗೆ ಆ ಧೈರ್ಯದ ಮಾತಿಗೇ ತಗ್ಗುತ್ತದೆ, ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ. ಆದರೆ ಫೀಸು ಕೊಟ್ಟವರನ್ನು ಬರಿಗೈಲಿ ಕಳಿಸಲಾದೀತೆ? ‘ಮೂರು ತಿಂಗಳು ತೊಗೊಳ್ಳಿ’ ಎನ್ನುತ್ತಾರೆ. ಆ ಮೂರು ತಿಂಗಳಲ್ಲಿ ಕೆಲಸ ಮಾಡಿದ್ದು ಕ್ಯಾಪ್ಸೂಲೋ ಕ್ಯಾಲೆಂಡರೋ ಕೇಳುವವರಿಲ್ಲ. ಎಣ್ಣೆಯಿಂದ ದೊಡ್ಡ ಕೇಡೂ ಇಲ್ಲ ಬಿಡಿ, ಕೆಲವರಿಗೆ ಹೊಟ್ಟೆ ತೊಳೆಸುತ್ತದೆ, ತಲೆ ನೋಯುತ್ತದೆ. ರಕ್ತ ಹೆಪ್ಪುಗಟ್ಟದಿರಲಿ ಎಂದು ಮಾತ್ರೆ ತೊಗೊಳ್ಳುವವರು ಮತ್ತು ಬಸುರಿಯರು ಮಾತ್ರ ಡಾಕ್ಟರನ್ನು ಕೇಳದೆ ಇದರ ತಂಟೆಗೆ ಹೋಗಬಾರದು.

ಮೊನ್ನೆ ಹೋದಾಗ, ‘ನೋವು ಹೇಗಿದೆ?’ ಎಂದು ಕೇಳಿದೆ.

‘ಅದು ಹೋಗಿ ಎಷ್ಟು ದಿನ ಆಯ್ತೋ! ಈ ಬಾಟಲಿ ಒಡೆಯೋಕೆ ಮುಂಚೇನೇ ಹೋಗಿತ್ತು.’

‘ಮತ್ತೆ ಇನ್ನೂ ಯಾಕೆ ನುಂಗ್ತಿದ್ದೀರಿ?’

‘ಡಾಲರ್ ಕೊಟ್ಟು ತಂದಿದ್ದಾಳೆ, ಮುಗೀಬೇಡವೇನೆ? ನಿಂಗೂ ನಾಲ್ಕು ಕಟ್ಟಿಕೊಡ್ಲಾ?’